ಸೋತರೆ ಊರು ಕೊಡು

ಒಗಟು ಬಿಡಿಸಲಾಗದವರು ಊರು ಕೊಡಬೇಕು. ಕನ್ನಡ ನಾಡಿನ ಹಳ್ಳಿಗಳಲ್ಲಿ ಬಹುಕಾಲ ನಡೆದುಬಂದ ಕಟ್ಟಳೆ ಇದು. ರಾತ್ರಿ ಊಟವಾದ ಮೇಲೆ ಜಗುಲಿಯ ಮೇಲೆ ಅಜ್ಜಿಯ ಸುತ್ತ ಕೂತ ಮಕ್ಕಳಲ್ಲಿ ಒಬ್ಬ ತಲೆ ಕೆರೆದುಕೊಂಡು, ಅತ್ತಿತ್ತ ನೋಡಿ, ಕೊನೆಗೆ ಸೋಲು ಒಪ್ಪುತ್ತಾನೆ. "ಹಂಗಾದ್ರೆ ಊರು ಕೊಡು" ಅನ್ನುತ್ತಾಳೆ ಅಜ್ಜಿ. ಹುಡುಗ ಮೊದಲು ಪಕ್ಕದ ಯಾವುದೋ ಕೊಂಪೆಯನ್ನು ದಾಟಿಸಲು ನೋಡುತ್ತಾನೆ. "ಅದು ಬ್ಯಾಡ, ಅಲ್ಲಿ ಕುಡಿಯೋಕೆ ನೀರಿಲ್ಲ." ಚೌಕಾಸಿ ನಡೆದು, ಕಡೆಗೆ ಮೈಸೂರನ್ನೇ ಬಿಟ್ಟುಕೊಟ್ಟ ಮೇಲೆ ಉತ್ತರ ಹೊರಬೀಳುತ್ತದೆ. ಒಂದೇ ರಾತ್ರಿಯಲ್ಲಿ ಮೈಸೂರು ಅಣ್ಣನಿಂದ ತಂಗಿಗೆ, ತಂಗಿಯಿಂದ ಅಜ್ಜಿಗೆ ಹೋಗಿ, ದೀಪ ಆರಿಸುವ ಹೊತ್ತಿಗೆ ಮತ್ತೆ ಯಾರ ಪಾಲೂ ಆಗದೆ ಉಳಿಯುತ್ತಿತ್ತು.

ಪಣಕ್ಕೆ ಊರೇ ಏಕೆ? ಕರ್ನಾಟಕದ ಶಾಸನಗಳನ್ನು ತಿರುವಿದರೆ ಊರು ಕೊಟ್ಟ ಸುದ್ದಿ ಎಲ್ಲೆಲ್ಲೂ ಸಿಗುತ್ತದೆ. ಗೆದ್ದ ವೀರನಿಗೆ, ವಿದ್ಯಾವಂತ ಬ್ರಾಹ್ಮಣರಿಗೆ, ಬಸದಿಗೆ, ಗುಡಿಗೆ ರಾಜರು ಊರುಗಳನ್ನು ಧಾರೆಯೆರೆದರು. ಬುದ್ಧಿಗೆ ಸಿಗುವ ದೊಡ್ಡ ಬಹುಮಾನ ಊರು ಎಂಬ ಭಾವನೆ ಜನಮನದಲ್ಲಿ ಹಾಗೆಯೇ ನಿಂತು ಜಗುಲಿಯ ಆಟಕ್ಕೆ ಇಳಿದಿರಬಹುದು. ಊಹೆ ಏನೇ ಇರಲಿ, ಚಡ್ಡಿ ಹಾಕಿದ ಹುಡುಗ ಮೈಸೂರನ್ನು ದಾನ ಮಾಡುವ ಗತ್ತಿಗೆ ಬೇರೆ ಸಾಟಿಯಿಲ್ಲ.

ಈ ಆಟಕ್ಕೆ ಹೆಸರುಗಳೂ ಹಲವು. ಒಗಟು, ಒಗಟ, ಒಡಪು, ಒಡಗತೆ ಎಂದು ಸೀಮೆ ಸೀಮೆಗೆ ಬದಲಾಗುತ್ತದೆ. ತುಳುವರಿಗೆ ಅದು ಎದುರುಕತೆ, ತಮಿಳರಿಗೆ ವಿಡುಕದೈ, ತೆಲುಗರಿಗೆ ಪೊಡುಪು ಕಥೆ, ಮಲಯಾಳಿಗಳಿಗೆ ಕಡಂಕಥೆ. ಎಲ್ಲ ಕಡೆಯೂ 'ಕತೆ' ಅಂಟಿಕೊಂಡಿರುವುದನ್ನು ಗಮನಿಸಬೇಕು. ಒಂದೇ ಸಾಲಿನದಾದರೂ ಅದು ಕತೆಯೇ, ಮುಕ್ತಾಯವನ್ನು ಮಾತ್ರ ಕೇಳುಗನೇ ಹೇಳಬೇಕು. ಕನ್ನಡದಲ್ಲಿ ಒಗಟನ್ನು 'ಒಡೆಯುತ್ತಾರೆ', ಇಲ್ಲವೇ 'ಬಿಡಿಸುತ್ತಾರೆ'. ಒಡೆಯುವುದು ತೆಂಗಿನಕಾಯಿಯನ್ನು, ಬಿಡಿಸುವುದು ಗಂಟನ್ನು ಅಥವಾ ಬಟಾಣಿ ಸಿಪ್ಪೆಯನ್ನು. ಎರಡೂ ಮನೆಗೆಲಸದ ಮಾತುಗಳು.

ಒಗಟಿನ ಉತ್ತರವೂ ಮನೆಯಲ್ಲೇ ಇರುತ್ತದೆ. ಮೂರು ಕಣ್ಣು, ತಲೆಗೆ ಜಡೆ, ಒಡಲೊಳಗೆ ನೀರು ಎಂದಾಗ ಶಿವನನ್ನು ನೆನೆಯುವವನು ಸೋಲುತ್ತಾನೆ. ಉತ್ತರ ಅಡುಗೆಮನೆಯ ಮೂಲೆಯಲ್ಲಿ ಬಿದ್ದಿರುವ ತೆಂಗಿನಕಾಯಿ. ಬಿಳಿಯದೊಂದು, ಹಸಿರೊಂದು, ಕಂದು ಬಣ್ಣದ್ದೊಂದು ಒಟ್ಟಿಗೆ ಒಳಹೋಗಿ ಕೆಂಪಾಗಿ ಹೊರಬರುವ ಒಗಟನ್ನು ಕೇಳುವ ಹೊತ್ತಿಗೆ ಸುಣ್ಣ, ಎಲೆ, ಅಡಿಕೆ ಮೂರೂ ಅಜ್ಜಿಯ ಬಾಯಲ್ಲೇ ಇರುತ್ತಿದ್ದವು. ಸುತ್ತಿಡಲಾಗದ ಚಾಪೆ ಮತ್ತು ಎಣಿಸಲಾಗದ ದುಡ್ಡನ್ನು ಕಾಣಲು ಜಗುಲಿಯಿಂದ ತಲೆ ಎತ್ತಿದರೆ ಸಾಕು, ಆಕಾಶವೂ ನಕ್ಷತ್ರಗಳೂ ಅಲ್ಲೇ ಇವೆ. ಬಾಗಿಲಿಲ್ಲದ ಮನೆ ಕೋಳಿಮೊಟ್ಟೆ. ಕೇಳಿದವನಿಗೆ ಗೊತ್ತಿಲ್ಲದ ವಸ್ತುವನ್ನು ಉತ್ತರವಾಗಿಟ್ಟರೆ ಅದು ಒಗಟೇ ಅಲ್ಲ, ಮೋಸ. ಸೋತವನಿಗೆ ನಾಚಿಕೆಯಾಗುವುದೂ ಇದರಿಂದಲೇ. ದಿನಾ ಕಣ್ಣೆದುರಿಗಿರುವುದು ತನಗೆ ಕಾಣಲಿಲ್ಲವಲ್ಲ ಎಂಬ ನಾಚಿಕೆ ಅದು.

ಒಗಟಿನ ತಂಗಿಯೊಬ್ಬಳು ಮದುವೆಮನೆಯಲ್ಲಿದ್ದಾಳೆ. ಉತ್ತರ ಕರ್ನಾಟಕದಲ್ಲಿ 'ಒಡಪು' ಎಂದರೆ ಗಂಡನ ಹೆಸರನ್ನು ಪ್ರಾಸದ ಸಾಲಿನಲ್ಲಿ ಅಡಗಿಸಿ ಹೇಳುವುದು ಎಂದೂ ಅರ್ಥ. ಹೆಂಡತಿ ಗಂಡನ ಹೆಸರು ಹಿಡಿದು ಕರೆಯಬಾರದು ಎಂಬ ಕಟ್ಟುಪಾಡಿದ್ದ ಕಾಲದಲ್ಲಿ, ಮದುವೆ, ಸೀಮಂತ, ಅರಿಶಿನ ಕುಂಕುಮಗಳ ದಿನ ಮಾತ್ರ ಆ ಕಟ್ಟು ಸಡಿಲವಾಗುತ್ತಿತ್ತು. ಹೊಸ್ತಿಲಿಗೆ ಅಡ್ಡ ನಿಂತ ನಾದಿನಿಯರು, "ಹೆಸರು ಹೇಳಿದ್ರಷ್ಟ ಒಳಗ ಬಿಡ್ತೀವಿ" ಎಂದು ಹಟ ಹಿಡಿಯುತ್ತಾರೆ. ಮದುಮಗಳು ಬೆಳ್ಳಿ ಬಟ್ಟಲು, ಮಲ್ಲಿಗೆ ದಂಡೆ, ತುಂಬಿದ ಹೊಳೆ ಎಂದೆಲ್ಲ ಸುತ್ತಿ ಬಳಸಿ ಬಂದು ಕೊನೆಯ ಪದಕ್ಕೆ ಗಂಡನ ಹೆಸರನ್ನು ಜೋಡಿಸುತ್ತಾಳೆ. ನೆರೆಯ ಮರಾಠಿಯಲ್ಲೂ 'ಉಖಾಣಾ' ಎಂಬ ಒಂದೇ ಮಾತು ಒಗಟಿಗೂ ಸಲ್ಲುತ್ತದೆ, ಗಂಡನ ಹೆಸರು ಹೇಳುವ ಈ ಸಾಲುಗಳಿಗೂ ಸಲ್ಲುತ್ತದೆ. ಎಲ್ಲರಿಗೂ ಗೊತ್ತಿದ್ದ ಉತ್ತರವನ್ನು ಆದಷ್ಟು ತಡವಾಗಿ, ಆದಷ್ಟು ಚೆಂದವಾಗಿ ಹೇಳುವುದರಲ್ಲೇ ಇಲ್ಲಿನ ಗೆಲುವಿದೆ.

ಜಗುಲಿಯಿಂದ ಅರಮನೆಗೆ ಬಂದರೆ, ಕರ್ನಾಟಕದಲ್ಲಿ ಪ್ರಶ್ನೆಯ ಆಟಕ್ಕೆ ರಾಜಧಾನಿ ಎನ್ನಬಹುದಾದ ಊರು ಮಳಖೇಡ. ಈಗಿನ ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲಿ, ಕಾಗಿಣಾ ನದಿಯ ದಂಡೆಯ ಈ ಊರು ಆಗ ರಾಷ್ಟ್ರಕೂಟರ ಮಾನ್ಯಖೇಟ. ಸುಮಾರು 814ರಿಂದ 878ರವರೆಗೆ, ಆರು ದಶಕಕ್ಕೂ ಮೀರಿ ಆಳಿದ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ 'ಕವಿರಾಜಮಾರ್ಗ' ಎಲ್ಲರಿಗೂ ಗೊತ್ತು. ಕನ್ನಡದ ರಸಪ್ರಶ್ನೆಗಳಲ್ಲಿ ಅದರಷ್ಟು ಸಲ ಕೇಳಿಸಿಕೊಂಡ ಪುಸ್ತಕ ಬೇರೊಂದು ಇರಲಾರದು. ಅದಕ್ಕೆ ಆಧಾರವಾದ ದಂಡಿಯ 'ಕಾವ್ಯಾದರ್ಶ' ಪ್ರಹೇಳಿಕೆಗಳನ್ನು, ಎಂದರೆ ಒಗಟುಗಳನ್ನು, 16 ಬಗೆಯಾಗಿ ವಿಂಗಡಿಸುತ್ತದೆ. ವಿನೋದಗೋಷ್ಠಿಯಲ್ಲಿ ಹೊತ್ತು ಕಳೆಯಲು, ಜನರ ನಡುವೆಯೇ ಗುಟ್ಟಿನ ಮಾತಾಡಲು, ಎದುರಾಳಿಯನ್ನು ಕಕ್ಕಾಬಿಕ್ಕಿ ಮಾಡಲು ಇವು ಉಪಯೋಗಕ್ಕೆ ಬರುತ್ತವೆ ಎಂದು ದಂಡಿ ಯಾವ ಮುಚ್ಚುಮರೆಯೂ ಇಲ್ಲದೆ ಹೇಳಿದ್ದಾನೆ.

ಅದೇ ನೃಪತುಂಗನ ಹೆಸರಿನಲ್ಲಿ ಇನ್ನೊಂದು ಪುಟ್ಟ ಸಂಸ್ಕೃತ ಕೃತಿಯಿದೆ: 'ಪ್ರಶ್ನೋತ್ತರ ರತ್ನಮಾಲಿಕೆ'. ಹೆಸರೇ ಹೇಳುವಂತೆ ಅದೆಲ್ಲ ಪ್ರಶ್ನೆ ಮತ್ತು ಉತ್ತರ. ಯಾವುದನ್ನು ಬಿಡಬೇಕು, ಯಾರು ಗುರು, ಯಾವುದು ವಿಷ ಎಂದು ಕೇಳುತ್ತದೆ, ಚುಟುಕಾಗಿ ಉತ್ತರಿಸುತ್ತದೆ. ಕೃತಿಯನ್ನು ಶಂಕರಾಚಾರ್ಯರದೆಂದು ಹೇಳುವವರೂ ಇದ್ದಾರೆ, ವಿಮಲನೆಂಬ ಜೈನ ಗುರುವಿನದೆಂದು ಹೇಳುವವರೂ ಇದ್ದಾರೆ. ಆದರೆ ಅದು ಟಿಬೆಟನ್ ಭಾಷೆಗೂ ಹೋಗಿದ್ದು, ಅಲ್ಲಿ ಕರ್ತೃವಾಗಿ ಉಳಿದಿರುವುದು ಅಮೋಘವರ್ಷನ ಹೆಸರು. ಮಳಖೇಡದ ದೊರೆ ಕೇಳಿದ ಪ್ರಶ್ನೆಗಳು ಹಿಮಾಲಯ ದಾಟಿದ್ದವು.

ನೃಪತುಂಗನ ಕಾಲದ ಮೂರನೆಯ ಕೃತಿ ಮಹಾವೀರಾಚಾರ್ಯನದು. ಅಮೋಘವರ್ಷನನ್ನು ಹೊಗಳಿ ಆರಂಭವಾಗುವ ಅವನ 'ಗಣಿತಸಾರಸಂಗ್ರಹ' ಲೆಕ್ಕದ ಪುಸ್ತಕ ಹೌದು; ಆದರೆ ಅದನ್ನು ಓದುತ್ತಿದ್ದರೆ ಒಗಟಿನ ಗೋಷ್ಠಿಯಲ್ಲಿ ಕೂತಂತೆಯೇ ಇರುತ್ತದೆ. ದುಂಬಿಗಳು ಹೂವಿನಿಂದ ಹೂವಿಗೆ ಹಾರುತ್ತವೆ, ಆನೆಗಳ ಹಿಂಡು ಕಾಡಿನಲ್ಲಿ ಚದುರುತ್ತದೆ, ವರ್ತಕರು ದಾರಿಯಲ್ಲಿ ಬಿದ್ದ ಹಣದ ಚೀಲ ನೋಡಿ ಲೆಕ್ಕ ಹಾಕುತ್ತಾರೆ. ಇವುಗಳಲ್ಲಿ ಹೆಸರುವಾಸಿಯಾದದ್ದು ಮುತ್ತಿನ ಹಾರದ ಲೆಕ್ಕ. ಗಂಡ ಹೆಂಡಿರ ಜಗಳದಲ್ಲಿ ಹೆಂಡತಿಯ ಹಾರ ಹರಿಯುತ್ತದೆ. ಮುತ್ತುಗಳಲ್ಲಿ ಮೂರರಲ್ಲೊಂದು ಪಾಲು ದಾಸಿಯ ಕಡೆಗೆ ಉರುಳಿತು. ಆರರಲ್ಲೊಂದು ಪಾಲು ಹಾಸಿಗೆಯ ಮೇಲೆ ಬಿತ್ತು. ಉಳಿದುದರಲ್ಲಿ ಅರ್ಧ, ಮತ್ತೆ ಉಳಿದುದರಲ್ಲಿ ಅರ್ಧ, ಹೀಗೆ ಒಟ್ಟು ಆರು ಸಲ ಅರ್ಧರ್ಧವಾಗಿ ಕೋಣೆಯ ತುಂಬ ಚೆಲ್ಲಿದವು. ದಾರದಲ್ಲಿ ಉಳಿದದ್ದು 1,161 ಮುತ್ತು. ಹಾಗಾದರೆ ಹಾರದಲ್ಲಿ ಇದ್ದ ಮುತ್ತುಗಳೆಷ್ಟು?

ಉತ್ತರಕ್ಕೆ ಕೊನೆಯವರೆಗೂ ಕಾಯಬೇಕು. ಪೆನ್ನು, ಪೇಪರು ಇರುವವರು ಅಷ್ಟರೊಳಗೆ ಮುಗಿಸಬಹುದು. ಮಹಾವೀರನ ಪುಸ್ತಕ ಮದರಾಸಿನಲ್ಲಿ ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದದೊಡನೆ ಅಚ್ಚಾದದ್ದು 1912ರಲ್ಲಿ. ಅದಕ್ಕೂ ಬಹಳ ಹಿಂದೆ, ಹನ್ನೆರಡನೆಯ ಶತಮಾನದಲ್ಲೇ, ರಾಜಾದಿತ್ಯ ಕನ್ನಡದಲ್ಲೇ 'ವ್ಯವಹಾರ ಗಣಿತ' ಬರೆದು, ಇಂಥ ಲೆಕ್ಕದ ಆಟವನ್ನು ಸಂಸ್ಕೃತ ಬಾರದವರಿಗೂ ಒದಗಿಸಿದ.

ಮಳಖೇಡದ ನಂತರ ಕಲ್ಯಾಣ. ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸುಮಾರು 1130ರಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ 100 ಅಧ್ಯಾಯಗಳಿದ್ದು, ರಾಜನಾದವನು ತಿಳಿಯಬೇಕಾದ ಸಕಲವೂ ಅದರಲ್ಲಿದೆ. ಅಡುಗೆಯೂ ಇದೆ, ಆನೆ ಪಳಗಿಸುವುದೂ ಇದೆ. ಈಗಿನ ರಸಪ್ರಶ್ನೆಕಾರರು ಇಡ್ಲಿಯ ಪೂರ್ವಜನನ್ನು ಹುಡುಕಿಕೊಂಡು ಆ ಪುಸ್ತಕಕ್ಕೆ ಹೋಗುತ್ತಾರೆ. ಅವರು ಇನ್ನಷ್ಟು ಪುಟ ತಿರುವಿದರೆ ತಮ್ಮ ಕುಲದ ಮೂಲವೇ ಸಿಕ್ಕೀತು. ರಾಜನ ಕ್ರೀಡೆಗಳ ಪಟ್ಟಿಯಲ್ಲಿ ಚದುರಂಗ, ಪಗಡೆಗಳ ಜೊತೆಗೆ ಪ್ರಹೇಳಿಕೆಗೂ ಒಂದು ಅಧ್ಯಾಯವಿದೆ. ಹೊತ್ತು ಹೋಗದ ದೊರೆಯೂ ಹೊತ್ತು ಮುಳುಗಿದ ಮೇಲಿನ ಅಜ್ಜಿಯೂ ಆಡುತ್ತಿದ್ದದ್ದು ಒಂದೇ ಆಟವನ್ನು.

ಅದೇ ಕಲ್ಯಾಣದಲ್ಲಿ, ಮೂರು ನಾಲ್ಕು ದಶಕ ಕಳೆಯುವುದರೊಳಗೆ, ಒಗಟು ಆಟವಾಗಿ ಉಳಿಯಲಿಲ್ಲ. ಅಲ್ಲಮಪ್ರಭುವಿನ ಬೆಡಗಿನ ವಚನಗಳು ಒಗಟಿನ ವೇಷ ತೊಟ್ಟಿವೆ, ಆದರೆ ಉತ್ತರ ಗೊತ್ತಾದ ಮೇಲೂ ಮುಗಿಯುವುದಿಲ್ಲ. ಕಪ್ಪೆ, ಸರ್ಪ, ಕೋಡಗ, ಬೆಟ್ಟ ಎಲ್ಲ ನಿತ್ಯ ಕಂಡವೇ. ಅವು ಮಾಡುವ ಕೆಲಸ ಮಾತ್ರ ಎಲ್ಲಿಯೂ ಕಂಡದ್ದಲ್ಲ. ಮುಂದಿನ ಶತಮಾನಗಳಲ್ಲಿ ಟೀಕಾಕಾರರು ಕೂತು, ಈ ಸರ್ಪ ಎಂದರೆ ಇದು, ಆ ಕೋಡಗ ಎಂದರೆ ಮನಸ್ಸು ಎಂದು ಪದಕ್ಕೆ ಪದ ಬಿಡಿಸಿಟ್ಟರು. ಪಾಪ, ಶ್ರದ್ಧೆಯ ಕೆಲಸವೇ. ಆದರೆ ಉತ್ತರಪತ್ರಿಕೆ ಓದಿದಂತಾಗುತ್ತದೆ. ಹದಿನಾರನೆಯ ಶತಮಾನದಲ್ಲಿ ಕಾಗಿನೆಲೆಯ ಕನಕದಾಸರು ಇದೇ ದಾರಿಯಲ್ಲಿ ಮುಂಡಿಗೆಗಳನ್ನು ರಚಿಸಿದರು. ಕೇಳುಗರ ಮುಂದೆ ಸವಾಲಿಟ್ಟು ಅರ್ಥ ಹೇಳಿ ಎನ್ನುವ ಹಾಡುಗಳು ಅವು. ಓದು ಬರಹ ತಮ್ಮದೇ ಎಂದು ಬೀಗುತ್ತಿದ್ದವರ ಎದುರು ಇಂಥ ಸವಾಲು ಎಸೆಯುವುದರಲ್ಲಿ ಕನಕರಿಗೆ ಎಷ್ಟು ಖುಷಿಯಿದ್ದಿರಬೇಕು!

ಊರಿಗಿಂತ ದೊಡ್ಡ ಪಣದ ಪ್ರಶ್ನೆಗಳೂ ಇದ್ದವು. ಮಹಾಭಾರತದ ವನಪರ್ವದಲ್ಲಿ ಕೊಳದ ನೀರು ಕುಡಿಯುವ ಮೊದಲು ಉತ್ತರ ಹೇಳಬೇಕೆಂದ ಯಕ್ಷನ ಮಾತು ಕೇಳದೆ ನಾಲ್ವರು ಪಾಂಡವರು ಬಿದ್ದರು. ಧರ್ಮರಾಯ ಮಾತ್ರ ನಿಂತು ಒಂದೊಂದಕ್ಕೂ ಉತ್ತರಿಸಿದ. ಗಾಳಿಗಿಂತ ವೇಗದ್ದು ಮನಸ್ಸು, ಹುಲ್ಲಿಗಿಂತ ದಟ್ಟವಾದದ್ದು ಚಿಂತೆ ಎಂಬಂಥ ಅವನ ಉತ್ತರಗಳನ್ನು ಕೇಳದವರಿಲ್ಲ. ಇಲ್ಲೊಂದು ತಮಾಷೆಯಿದೆ. ಯಕ್ಷನ ಪ್ರಶ್ನೆಗಳಲ್ಲಿ ಒಂದಾದರೂ ಉತ್ತರವಿಲ್ಲದೆ ಉಳಿಯಲಿಲ್ಲ. ಆದರೂ ಕನ್ನಡ ಪತ್ರಿಕೆಗಳ ತಲೆಬರಹಗಳಲ್ಲಿ 'ಯಕ್ಷಪ್ರಶ್ನೆ' ಎಂದರೆ ಯಾರಿಂದಲೂ ಬಿಡಿಸಲಾಗದ ಸಮಸ್ಯೆ! ಬೇತಾಳನ ಕಟ್ಟಳೆ ಇನ್ನೂ ವಿಚಿತ್ರ. ಗೊತ್ತಿದ್ದೂ ಸುಮ್ಮನಿದ್ದರೆ ವಿಕ್ರಮನ ತಲೆ ಹೋಳು, ಉತ್ತರ ಹೇಳಿದರೆ ಹೆಗಲ ಮೇಲಿನ ಹೆಣ ಮತ್ತೆ ಮರಕ್ಕೆ. ಗೆದ್ದಷ್ಟೂ ಕೆಲಸ ಕೆಡುವ ಆ ಆಟವನ್ನು 'ಚಂದಮಾಮ' ತಿಂಗಳು ತಿಂಗಳೂ ಕನ್ನಡದ ಮಕ್ಕಳಿಗೆ ಉಣಬಡಿಸಿತು.

ಬಯಲಿನಲ್ಲಿ ಜನ ಸೇರಿ ಕೇಳುತ್ತಿದ್ದ ಪ್ರಶ್ನೋತ್ತರವೂ ಒಂದಿತ್ತು. ಉತ್ತರ ಕರ್ನಾಟಕದ ಲಾವಣಿ ಮತ್ತು ಗೀಗೀ ಮೇಳಗಳಲ್ಲಿ ಹರದೇಶಿ, ನಾಗೇಶಿ ಎಂದು ಎರಡು ಪಕ್ಷ. ಒಂದು ಶಿವನ ಕಡೆ, ಗಂಡಿನ ಕಡೆ. ಇನ್ನೊಂದು ಶಕ್ತಿಯ ಕಡೆ, ಹೆಣ್ಣಿನ ಕಡೆ. ತುರಾಯಿ, ಕಲ್ಗಿ ಎಂದು ಡಪ್ಪಿಗೆ ಕಟ್ಟಿದ ಗುರುತುಗಳೇ ಪಕ್ಷದ ಬಾವುಟ. ಒಬ್ಬರು ಸವಾಲು ಹಾಡಿದರೆ ಇನ್ನೊಬ್ಬರು ಅಲ್ಲೇ ಜವಾಬು ಹಾಡಬೇಕು, ಅದೂ ಧಾಟಿ ಕೆಡದ ಹಾಗೆ. ಪುರಾಣ ಗೊತ್ತಿದ್ದರೆ ಸಾಲದು, ದನಿ ಬೇಕು, ಸಮಯಸ್ಫೂರ್ತಿ ಬೇಕು, ಬೆಳಗಿನ ಜಾವದವರೆಗೆ ನಿಲ್ಲುವ ಕಾಲು ಬೇಕು.

ಇಷ್ಟೆಲ್ಲ ಇದ್ದ ನಾಡಿಗೆ 'ಸಾಮಾನ್ಯ ಜ್ಞಾನ' ಎಂಬುದು ಶಾಲೆಯ ಜೊತೆಗೆ ಬಂತು. ಇದರ ಉತ್ತರ ಮನೆಯಲ್ಲಿರುವುದಿಲ್ಲ. ಅತಿ ಎತ್ತರದ ಶಿಖರ, ಅತಿ ಉದ್ದದ ನದಿ, ಯಾವುದೋ ದೇಶದ ರಾಜಧಾನಿ, ಎಲ್ಲವೂ ದೂರದ್ದು. ಯಾರೋ ಹೇಳದೆ ತಿಳಿಯುವಂತಿಲ್ಲ. ಎಷ್ಟು ದಿಟ್ಟಿಸಿ ನೋಡಿದರೂ ಜಗುಲಿಯಿಂದ ಎವರೆಸ್ಟ್ ಕಾಣದು. ಹಾಗಾಗಿ ಪುಸ್ತಕ ಬೇಕಾಯಿತು. ಶಿವರಾಮ ಕಾರಂತರು 1936ರಲ್ಲಿ ಮೂರು ಸಂಪುಟಗಳ 'ಬಾಲ ಪ್ರಪಂಚ' ತಂದರು; ಮಕ್ಕಳಿಗೆ ಲೋಕವನ್ನು ಪರಿಚಯಿಸಲು ಒಬ್ಬನೇ ಲೇಖಕ ಹೆಣಗಿದ ಪರಿ ಅದು. 1970ರ ದಶಕದಲ್ಲಿ ನಿರಂಜನರ ಸಂಪಾದಕತ್ವದಲ್ಲಿ ಏಳು ಸಂಪುಟಗಳ ಕಿರಿಯರ ವಿಶ್ವಕೋಶ 'ಜ್ಞಾನಗಂಗೋತ್ರಿ' ಬಂತು. ಕನ್ನಡ ಮಾಧ್ಯಮದಲ್ಲಿ ಓದಿ ರಸಪ್ರಶ್ನೆ ಸ್ಪರ್ಧೆಗೆ ಹೊರಟ ಎಷ್ಟೋ ಮಕ್ಕಳಿಗೆ ಶಾಲೆಯ ಬೀರುವಿನ ಆ ದಪ್ಪ ಸಂಪುಟಗಳೇ ಕಣಜ. ಅಷ್ಟು ಹಣವಿಲ್ಲದವರಿಗೆ ಬಸ್ ನಿಲ್ದಾಣದಲ್ಲಿ ಮಾರುವ ತೆಳ್ಳನೆಯ ಜಿ.ಕೆ. ಪುಸ್ತಕಗಳಿದ್ದವು. ಮಾರುವವನ ಕೈಯಲ್ಲಿ ಜಿ.ಕೆ. ಪುಸ್ತಕದ ಕೆಳಗೆ ರಂಗೋಲಿ ಪುಸ್ತಕ, ಅದರ ಕೆಳಗೆ ಗಾದೆ ಮತ್ತು ಒಗಟು. ಹಳೆಯದೂ ಹೊಸದೂ ಒಂದೇ ಕಟ್ಟಿನಲ್ಲಿ ಬಸ್ಸು ಹತ್ತುತ್ತಿದ್ದವು.

'ಕ್ವಿಜ್' ಎಂಬ ಪದದ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಕತೆ ಓಡಾಡುತ್ತದೆ. ಡಬ್ಲಿನ್ನಿನ ನಾಟಕ ಕಂಪನಿಯ ಯಜಮಾನ ರಿಚರ್ಡ್ ಡೇಲಿ, ಅರ್ಥವೇ ಇಲ್ಲದ ಪದವೊಂದನ್ನು ಒಂದೇ ದಿನದಲ್ಲಿ ಊರ ಬಾಯಿಗೆ ಹಾಕುತ್ತೇನೆಂದು 1791ರಲ್ಲಿ ಬಾಜಿ ಕಟ್ಟಿ, ರಾತ್ರೋರಾತ್ರಿ ಗೋಡೆ ಗೋಡೆಗೂ ಆ ನಾಲ್ಕು ಅಕ್ಷರ ಬರೆಸಿದನಂತೆ. ಕ್ವಿಜ್ ಪುಸ್ತಕಗಳು ಇದನ್ನು ಸತ್ಯವೆಂದೇ ಅಚ್ಚು ಮಾಡುತ್ತವೆ. ಆದರೆ ಆ ಪದ 1782ರಲ್ಲೇ, ವಿಚಿತ್ರ ಮನುಷ್ಯ ಎಂಬ ಅರ್ಥದಲ್ಲಿ, ಬರವಣಿಗೆಯಲ್ಲಿ ಬಳಕೆಯಾಗಿತ್ತು. ಕ್ವಿಜ್ ಎಂಬ ಮಾತಿನ ಬಗೆಗಿನ ಕ್ವಿಜ್ ಉತ್ತರವೇ ತಪ್ಪು ಎಂಬುದು ಈ ಕಸುಬಿಗೆ ತಕ್ಕ ದೃಷ್ಟಿಬೊಟ್ಟು. ಕನ್ನಡದ 'ರಸಪ್ರಶ್ನೆ'ಗೆ ಇಂಥ ಗೋಡೆಬರಹದ ಕತೆಯ ಹಂಗಿಲ್ಲ. ಪ್ರಶ್ನೆಯಲ್ಲಿ ರಸವಿರಬೇಕೆಂಬ ಶರತ್ತನ್ನು ಆ ಪದ ತನ್ನೊಳಗೇ ಇಟ್ಟುಕೊಂಡಿದೆ. ಎಲ್ಲ ರಸಪ್ರಶ್ನೆಕಾರರೂ ಅದನ್ನು ಪಾಲಿಸಿದ್ದಾರೆ ಎನ್ನಲಾಗದು.

ಭಾರತದಲ್ಲಿ ಸಭೆ ಸೇರಿಸಿ, ತಂಡ ಕಟ್ಟಿ ನಡೆಸುವ ಕ್ವಿಜ್‌ಗೆ ನಾಂದಿಯಾದದ್ದು 1967ರಲ್ಲಿ ಕಲ್ಕತ್ತೆಯಲ್ಲಿ ನೀಲ್ ಓಬ್ರಿಯನ್ ಚರ್ಚಿನ ಸಭಾಂಗಣವೊಂದರಲ್ಲಿ ನಡೆಸಿದ ಸ್ಪರ್ಧೆ. ಬಳಿಕ ರೇಡಿಯೋದಲ್ಲಿ ಬೋರ್ನ್‌ವಿಟಾ ಕ್ವಿಜ್ ಬಂತು. 1985ರಲ್ಲಿ ದೂರದರ್ಶನದಲ್ಲಿ ಸಿದ್ಧಾರ್ಥ ಬಸು ನಡೆಸಿಕೊಟ್ಟ 'ಕ್ವಿಜ್ ಟೈಮ್' ಬಂತು. ಬೆಂಗಳೂರು ಹಿಂದೆ ಬೀಳಲಿಲ್ಲ. ವಿಂಗ್ ಕಮಾಂಡರ್ ಜಿ.ಆರ್. ಮುಲ್ಕಿ ಅವರ ಮುಂದಾಳ್ತನದಲ್ಲಿ 1983ರಲ್ಲಿ ಕರ್ನಾಟಕ ಕ್ವಿಜ್ ಅಸೋಸಿಯೇಷನ್ ಹುಟ್ಟಿತು. ಈ ಬಗೆಯ ಕೂಟಗಳಲ್ಲಿ ಪ್ರಶ್ನೆಯ ಸ್ವರೂಪವೇ ಬೇರೆ. ಉತ್ತರ ನೇರವಾಗಿ ಗೊತ್ತಿರಬೇಕಿಲ್ಲ, ಪ್ರಶ್ನೆಯೊಳಗೆ ಹುದುಗಿಸಿಟ್ಟ ಸುಳಿವುಗಳನ್ನು ಹಿಡಿದು ತರ್ಕದಿಂದ ತಲುಪಬೇಕು. ಅಜ್ಜಿಯ ಒಗಟಿನ ಜಾಣ್ಮೆ ಇಂಗ್ಲಿಷ್ ಮಾತಾಡುತ್ತ ಸಭಾಂಗಣಕ್ಕೆ ಬಂದು ಕೂತಂತೆ. ಊರು ಕೊಡುವ ಪದ್ಧತಿಯೊಂದನ್ನು ಬಿಟ್ಟು.

ಕನ್ನಡದ ಮನೆಮನೆಗೆ ರಸಪ್ರಶ್ನೆಯನ್ನು ತಲುಪಿಸಿದ್ದು ಮಾತ್ರ ಚಂದನ ವಾಹಿನಿಯ 'ಥಟ್ ಅಂತ ಹೇಳಿ'. 2002ರ ಜನವರಿಯಲ್ಲಿ ಶುರುವಾದ ಈ ಕಾರ್ಯಕ್ರಮವನ್ನು ವೈದ್ಯರೂ ಲೇಖಕರೂ ಆದ ಡಾ. ನಾ. ಸೋಮೇಶ್ವರ ನಡೆಸಿಕೊಡುತ್ತ ಬಂದು, ಕಂತುಗಳ ಎಣಿಕೆ ಮೂರು ಸಾವಿರವನ್ನು ದಾಟಿತು. ಸರಿ ಉತ್ತರಕ್ಕೆ ಅಲ್ಲಿ ಸಿಗುವುದು ಕನ್ನಡ ಪುಸ್ತಕ. ಹಣವಿಲ್ಲ, ಕಾರಿಲ್ಲ, ಎದೆ ಡವಗುಟ್ಟಿಸುವ ಹಿನ್ನೆಲೆ ಸಂಗೀತವಿಲ್ಲ. ರಾತ್ರಿ ಊಟದ ಹೊತ್ತಿಗೆ ಅಪ್ಪ ಸೋಫಾದಿಂದ, ಅಮ್ಮ ಅಡುಗೆಮನೆಯಿಂದ, ಅಜ್ಜ ಈಸಿಚೇರಿನಿಂದ ಒಟ್ಟಿಗೆ ಉತ್ತರ ಕೂಗುವ ಮನೆಗಳು ಕರ್ನಾಟಕದಲ್ಲಿ ಎಷ್ಟೋ. ಸ್ಪರ್ಧಿಗಿಂತ ಮೊದಲು ಕೂಗಿದ ಅಜ್ಜ ಆ ರಾತ್ರಿಯೆಲ್ಲ ಮೀಸೆ ತಿರುವುತ್ತಾನೆ.

ಹತ್ತು ವರ್ಷಗಳ ನಂತರ, 2012ರಲ್ಲಿ, 'ಕನ್ನಡದ ಕೋಟ್ಯಧಿಪತಿ' ಬಂತು. ಮೂಲ 1998ರಲ್ಲಿ ಬ್ರಿಟನ್ನಿನಲ್ಲಿ ಶುರುವಾದ ಆಟ. ಹಿಂದಿಗೆ ಅದನ್ನು 2000ದಲ್ಲಿ ಅಮಿತಾಭ್ ಬಚ್ಚನ್ ತಂದಿದ್ದರು. ಕನ್ನಡದಲ್ಲಿ ಎದುರು ಕುರ್ಚಿಯಲ್ಲಿ ಕೂತವರು ಪುನೀತ್ ರಾಜ್‌ಕುಮಾರ್. ಪ್ರಶ್ನೆಗಳಿಗಿಂತ ಹೆಚ್ಚಾಗಿ ಪುನೀತ್ ಜೊತೆ ಹತ್ತು ನಿಮಿಷ ಮಾತಾಡಲು ಜನ ಬಂದರು ಎಂದರೆ ತಪ್ಪಾಗದು. ಕೂಲಿ ಮಾಡುವವರು, ಮೇಷ್ಟ್ರುಗಳು, ಗೃಹಿಣಿಯರು ತಮ್ಮ ಕಷ್ಟಸುಖ ಹೇಳಿಕೊಂಡರು; ನಡುನಡುವೆ ನಾಲ್ಕು ಆಯ್ಕೆಗಳು ಪರದೆಯ ಮೇಲೆ ಬಂದವು. ನಾಲ್ಕು ಆಯ್ಕೆ ಕೊಟ್ಟು ಕೇಳುವುದು ಒಗಟಿನವರ ಲೆಕ್ಕದಲ್ಲಿ ಹೇಡಿತನ. ಆದರೆ ಕೋಟಿ ರೂಪಾಯಿ ಮುಂದಿಟ್ಟಾಗ ನಾಲ್ಕರಲ್ಲಿ ಒಂದನ್ನು ಆರಿಸುವುದೂ ಬೆವರು ಬರಿಸುತ್ತದೆ.

ಮನೆಯೊಳಗೆ ಬೋರ್ಡ್ ಹರಡಿ ಕ್ವಿಜ್ ಆಡುವ ರೂಢಿ ಲೋಕಕ್ಕೆ ಹಬ್ಬಿದ್ದು ಕೆನಡಾದಿಂದ. 1979ರ ಡಿಸೆಂಬರಿನಲ್ಲಿ ಮಾಂಟ್ರಿಯಲ್‌ನ ಇಬ್ಬರು ಪತ್ರಕರ್ತರು, ಕ್ರಿಸ್ ಹೇನಿ ಮತ್ತು ಸ್ಕಾಟ್ ಅಬಾಟ್, 'ಟ್ರಿವಿಯಲ್ ಪರ್ಸ್ಯೂಟ್' ಆಟವನ್ನು ಹೆಣೆದರು. ಅದರ ಸುತ್ತ ನಡೆದ ಒಂದು ಮೊಕದ್ದಮೆ ಆಟಕ್ಕಿಂತ ರುಚಿಯಾಗಿದೆ. ಫ್ರೆಡ್ ವರ್ತ್ ಎಂಬ ಅಮೆರಿಕದ ಲೇಖಕ ತನ್ನ ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ, ಕೊಲಂಬೊ ಎಂಬ ಟೀವಿ ಪತ್ತೇದಾರನ ಮೊದಲ ಹೆಸರು ಫಿಲಿಪ್ ಎಂದು ಬೇಕೆಂದೇ ಸುಳ್ಳು ಬರೆದಿಟ್ಟಿದ್ದ. ಕದ್ದವರು ಸಿಕ್ಕಿಬೀಳಲಿ ಎಂದು ಒಡ್ಡಿದ ಬಲೆ. ಅದೇ ಸುಳ್ಳು ಆಟದ ಕಾರ್ಡಿನಲ್ಲಿ ಅಚ್ಚಾಯಿತು! 1984ರಲ್ಲಿ ವರ್ತ್ 30 ಕೋಟಿ ಡಾಲರಿಗೆ ದಾವೆ ಹೂಡಿದ. ಸಂಗತಿಗಳು ಯಾರ ಸ್ವತ್ತೂ ಅಲ್ಲ, ಪುಸ್ತಕದಿಂದ ಎತ್ತಿಕೊಂಡದ್ದು ಅಪರಾಧವಲ್ಲ ಎಂದ ಕೋರ್ಟು ಅವನನ್ನು ಬರಿಗೈಯಲ್ಲಿ ಕಳಿಸಿತು.

ಸುಳ್ಳು ಹಾಗಿರಲಿ, ಸತ್ಯವಾದ ಉತ್ತರಕ್ಕೂ ವಯಸ್ಸಾಗುತ್ತದೆ. ಕರ್ನಾಟಕದಲ್ಲಿ ಜಿಲ್ಲೆಗಳೆಷ್ಟು ಎಂಬ ಪ್ರಶ್ನೆಯನ್ನೇ ತೆಗೆದುಕೊಂಡರೆ, 1956ರಲ್ಲಿ ರಾಜ್ಯ ಏಕೀಕರಣವಾದಾಗ ಉತ್ತರ 19. ಆಗ ರಾಜ್ಯದ ಹೆಸರೂ ಕರ್ನಾಟಕವಲ್ಲ, ಮೈಸೂರು. ಹೆಸರು ಬದಲಾದದ್ದು 1973ರಲ್ಲಿ. 1986ರಲ್ಲಿ ಬೆಂಗಳೂರು ಗ್ರಾಮಾಂತರ ಬೇರೆಯಾಗಿ 20. 1997ರಲ್ಲಿ ಬಾಗಲಕೋಟೆ, ಗದಗ, ಹಾವೇರಿ, ಕೊಪ್ಪಳ, ದಾವಣಗೆರೆ, ಉಡುಪಿ, ಚಾಮರಾಜನಗರ ಒಟ್ಟಿಗೆ ಹುಟ್ಟಿ 27. ರಾಮನಗರ, ಚಿಕ್ಕಬಳ್ಳಾಪುರ ಸೇರಿ 29, ಯಾದಗಿರಿ ಸೇರಿ 30, ವಿಜಯನಗರ ಸೇರಿ 31. ತಾತ, ತಂದೆ, ಮಗಳು ಮೂವರೂ ಮೂರು ಸಂಖ್ಯೆ ಹೇಳಿ ಮೂವರೂ ಸರಿಯಿರಬಹುದು, ಅವರವರ ಶಾಲೆಯ ಲೆಕ್ಕದಲ್ಲಿ.

ಕೆಲವು ಉತ್ತರ ಕಾಲಕ್ಕಿಂತ ಹೆಚ್ಚಾಗಿ ಗಡಿಯನ್ನು ನೋಡಿ ಬದಲಾಗುತ್ತವೆ. 1150ರಲ್ಲಿ 'ಲೀಲಾವತಿ' ಬರೆದ ಭಾಸ್ಕರಾಚಾರ್ಯ ಹುಟ್ಟಿದ್ದೆಲ್ಲಿ? ತಾನು ವಿಜ್ಜಡವಿಡದವನೆಂದು ಅವನು ಹೇಳಿಕೊಂಡಿದ್ದಾನೆ. ಅದು ವಿಜಯಪುರ ಎಂದು ಕನ್ನಡದ ಕ್ವಿಜ್ ಪುಸ್ತಕಗಳು, ಖಾನದೇಶದಲ್ಲಿದೆ ಎಂದು ಮರಾಠಿಯವು. ಬೆಳಗಾವಿಯಲ್ಲಿ ಈ ಪ್ರಶ್ನೆ ಕೇಳುವವರು ಯೋಚಿಸಿ ಕೇಳುವುದು ಒಳ್ಳೆಯದು.

ಒಗಟಿಗೆ ಬರುವ ಮುಪ್ಪು ಬೇರೆ ಥರದ್ದು. ಅದರ ಉತ್ತರ ತಪ್ಪಾಗುವುದಿಲ್ಲ, ಉತ್ತರವಾಗಿದ್ದ ವಸ್ತುವೇ ಮನೆಯಿಂದ ಎದ್ದುಹೋಗುತ್ತದೆ. ಬೀಸುವ ಕಲ್ಲು, ಒನಕೆ, ಏತ, ಕಪಿಲೆ, ಸೀಮೆಎಣ್ಣೆ ಬುಡ್ಡಿ, ಮಜ್ಜಿಗೆ ಕಡೆಯುವ ಕಡಗೋಲು, ಸೇರು ಪಾವು. ಹಳೆಯ ಒಗಟಿನ ಸಂಗ್ರಹವೊಂದನ್ನು ತೆರೆದರೆ, ಕೊನೆಯ ಪುಟಗಳ ಉತ್ತರಗಳ ಪಟ್ಟಿ ಸತ್ತುಹೋದ ಅಡುಗೆಮನೆಯೊಂದರ ಮಹಜರಿನಂತೆ ಕಾಣುತ್ತದೆ. ಚರಿತ್ರೆ ಬರೆಯುವವರಿಗೆ ಅದು ಶಾಸನಕ್ಕಿಂತ ಕಡಿಮೆಯ ಆಕರವಲ್ಲ. ಶಾಸನದಲ್ಲಿ ದಾನ ಕೊಟ್ಟ ಊರಿನ ಹೆಸರಿರುತ್ತದೆ, ಆ ಊರಿನ ಹೆಂಗಸು ಬೆಳಗಿನಿಂದ ಸಂಜೆಯವರೆಗೆ ಮುಟ್ಟಿದ ಸಾಮಾನುಗಳ ಪಟ್ಟಿ ಇರುವುದಿಲ್ಲ. ಒಗಟಿನಲ್ಲಿ ಅದಿದೆ. ಮನೆಗಳಿಗೆ ಈಗ ಬಂದಿರುವ ಮಿಕ್ಸಿ, ಫ್ರಿಜ್, ಮೊಬೈಲುಗಳಿಗೆ ತಕ್ಕ ಒಗಟು ಕಟ್ಟುವವರು ವಿರಳ. ಕೈಯಲ್ಲಿ ಹಿಡಿದ ವಸ್ತುವೇ ಎಲ್ಲ ಪ್ರಶ್ನೆಗೂ ಉತ್ತರ ಹೇಳುವಾಗ, ಅದನ್ನೇ ಒಗಟಾಗಿಸುವ ಅಜ್ಜಿ ಎಲ್ಲಿಂದ ಬರಬೇಕು ಎನ್ನಬಹುದು. ಆದರೆ ಬಸ್ಸು, ರೈಲು, ಸೈಕಲ್ಲು ಬಂದಾಗ ಹಿಂದಿನವರು ಅವಕ್ಕೂ ಒಗಟು ಕಟ್ಟಿದ್ದರು. ಈ ರಜೆಯಲ್ಲಿ ಮನೆಯ ಮಕ್ಕಳ ಮುಂದೆ ಒಂದು ಚಾರ್ಜರನ್ನೋ ಕುಕ್ಕರನ್ನೋ ಇಟ್ಟು, ಹೆಸರು ಹೇಳದೆ ವರ್ಣಿಸಿ ಎಂದು ಕೇಳಿದರೆ ಯಾರು ಎಷ್ಟು ದೂರ ಹೋಗುತ್ತಾರೆ ಎಂಬುದು ಗೊತ್ತಾಗುತ್ತದೆ.

ಮುತ್ತಿನ ಲೆಕ್ಕ ಬಾಕಿಯಿದೆ. ಮೂರರಲ್ಲೊಂದು, ಆರರಲ್ಲೊಂದು ಸೇರಿದರೆ ಅರ್ಧ ಹೋಯಿತು. ಉಳಿದ ಅರ್ಧವನ್ನು ಆರು ಸಲ ಅರ್ಧ ಮಾಡಿದರೆ ಮೊದಲಿನ 128ರಲ್ಲೊಂದು ಪಾಲು ಉಳಿಯಿತು, ಅದು 1,161. ಹಾರದಲ್ಲಿ ಇದ್ದ ಮುತ್ತುಗಳು 1,48,608. ಅಷ್ಟು ಮುತ್ತು ಹೊತ್ತ ಕೊರಳು ಮಳಖೇಡದಲ್ಲಿ ಇತ್ತೇ ಎಂದು ಮಹಾವೀರಾಚಾರ್ಯನನ್ನು ಯಾರೂ ಕೇಳಿದಂತಿಲ್ಲ. ಲೆಕ್ಕ ತಪ್ಪಿದವರು ಊರು ಕೊಡಬೇಕು, ಮೈಸೂರು ಈಗಾಗಲೇ ಹೋಗಿದೆ.